ನಮಗೆ ಸಿ, ಪಕ್ಕದ ಮನೆಗೆ ಎ

ಆ ಭಾನುವಾರದ ಬೆಳಗೂ ನಮ್ಮ ಮನೆಯ ಬೇರೆಲ್ಲ ಬೆಳಗುಗಳ ಹಾಗೆಯೇ ಶುರುವಾಯಿತು. ಐದೂಮುಕ್ಕಾಲಿಗೆ ಎದ್ದು, ಬಾಗಿಲ ಹಿಡಿಗೆ ಸಿಕ್ಕಿಸಿದ್ದ ಹಾಲಿನ ಚೀಲ ಬಿಡಿಸಿಕೊಂಡೆ. ಗಾಳಿ ಸ್ಟೇಷನ್ನಿನ ಕಡೆಯಿಂದ ಬೀಸುತ್ತಿದ್ದುದರಿಂದ, ಯಾವುದೋ ರೈಲು ಯಾವುದೋ ಪ್ಲಾಟ್‌ಫಾರ್ಮಿಗೆ ತಡವಾಗಿ ಬರುತ್ತದೆಂಬ ಸುದ್ದಿಯೂ ಹಾಲಿನ ಜೊತೆಗೇ ಅಡುಗೆಮನೆಯೊಳಗೆ ಬಂತು. ಪಾತ್ರೆಯನ್ನು ಒಲೆಯ ಮೇಲಿಟ್ಟು, ಕತ್ತಲೆ ತುಂಬಿದ್ದ ಪಡಸಾಲೆಗೆ ಬಂದು ಕಂಪ್ಯೂಟರಿನ ಗುಂಡಿ ಒತ್ತಿದೆ. ಅದು ಒಮ್ಮೆ ಕೆಮ್ಮಿತು. ಪರದೆ ನೀಲಿಯಾಯಿತು, ಕಪ್ಪಾಯಿತು, ಮತ್ತೆ ನೀಲಿಯಾಯಿತು. ಇನ್ನೇನು ಎದ್ದೆ ಎಂದು ಅದು ಅನ್ನುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿತು. ಓಡಿಹೋಗಿ ಒಲೆ ಆರಿಸಿ, ಕಟ್ಟೆ ಒರೆಸಿ, ತಿರುಗಿ ಬಂದು ಮೌಸ್ ಹಿಡಿದು ‘ಪಡಸಾಲೆ’ ಎಂದು ಬರೆದಿದ್ದ ಚೌಕದ ಮೇಲೆ ಒತ್ತಿದೆ. ಎರಡು ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ ಮೂಲೆಯ ದೀಪ ಹತ್ತಿತು. ಗೋಡೆಯ ಮೇಲೆ ಸ್ವಿಚ್ಚಿಲ್ಲವೇ ಎಂದು ನೀವು ಕೇಳಬಹುದು. ಇದೆ. ನನ್ನ ಹೆಗಲಿನಿಂದ ಒಂದು ಗೇಣು ದೂರದಲ್ಲೇ ಇದೆ. ಆದರೆ ಅದು ಸದಾ ಚಾಲೂ ಇರಲೇಬೇಕೆಂದು ನಮ್ಮನೆಯವರು ಅದರ ಮೇಲೆ ಸೆಲ್ಲೋಟೇಪು ಅಂಟಿಸಿದ್ದಾರೆ. ಯಾರಾದರೂ ಮರೆತು ಅದನ್ನು ಕೈಯಿಂದ ಆರಿಸಿಬಿಟ್ಟರೆ, ಆಮೇಲೆ ಕಂಪ್ಯೂಟರು ಎಷ್ಟು ಕೂಗಿ ಹೇಳಿದರೂ ದೀಪಕ್ಕೆ ಕೇಳಿಸುವುದಿಲ್ಲವಂತೆ. ಹೀಗಾಗಿ ನಮ್ಮ ಮನೆಯಲ್ಲಿ ದೀಪ ಹಚ್ಚುವುದೆಂದರೆ ಹಾಲು ಉಕ್ಕಿಸುವಷ್ಟು ದೊಡ್ಡ ಕೆಲಸ.

ನಮ್ಮನೆಯವರು ನಮ್ಮ ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದಾರೆ. ಆಕಾಶದಲ್ಲಿ ಹಾರುವುದನ್ನು ದುರಸ್ತಿ ಮಾಡುವವರಿಗೆ ನೆಲದ ಮೇಲಿರುವ ಯಾವ ವಸ್ತುವೂ ಪೂರ್ತಿ ಕೆಟ್ಟಿದೆ ಅನ್ನಿಸುವುದೇ ಇಲ್ಲ. ಆರು ವರ್ಷದ ಹಿಂದೆ ಅವರ ವಿಭಾಗದ ಹಿರಿಯರೊಬ್ಬರು ನಿವೃತ್ತರಾಗಿ ಕ್ವಾರ್ಟರ್ಸ್ ಖಾಲಿ ಮಾಡುವಾಗ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಅವರು ಯಾವಾಗಲೋ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಆಸೆಪಟ್ಟು ತಂದು, ಹೆಂಡತಿಯ ಹೆದರಿಕೆಗೆ ಒಂದು ದಿನವೂ ಬಳಸದೆ ಅಟ್ಟದ ಮೇಲೆ ಮುಚ್ಚಿಟ್ಟಿದ್ದ ಸಾಮಾನದು. ಆ ಹೆಂಡತಿಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಒಳಗೆ ಸೋಪಿನ ಡಬ್ಬಿಯಷ್ಟು ಗಾತ್ರದ ಬಿಳಿ ಡಬ್ಬಿಗಳು. ಬಿಳಿ ಎನ್ನುವುದು ಹಳೆಯ ಮಾತು, ಈಗ ಅವಕ್ಕೆ ಚಹಾ ಕುಡಿಯುವವರ ಹಲ್ಲಿನ ಬಣ್ಣ. ಡಬ್ಬಿಯನ್ನು ಸಾಕೆಟ್ಟಿಗೆ ಸಿಕ್ಕಿಸಬೇಕು, ದೀಪವನ್ನು ಡಬ್ಬಿಗೆ ಸಿಕ್ಕಿಸಬೇಕು. ಇಂಗ್ಲೆಂಡಿನ ಪ್ಲಗ್ಗಿಗೆ ಮೂರು ಚಪ್ಪಟೆ ಹಲ್ಲು, ನಮ್ಮ ಸಾಕೆಟ್ಟಿಗೆ ಮೂರು ದುಂಡನೆ ತೂತು. ಎರಡರ ನಡುವೆ, ಹೊಂದದ ಜಾತಕ ಹೊಂದಿಸುವ ಹಿರಿಯರಂತೆ, ಒಂದು ಕನ್ವರ್ಟರು. ಕಂಪ್ಯೂಟರಿನ ಬೆನ್ನಿಗೆ ಒಂದು ಚಿಕ್ಕ ಕಡ್ಡಿ ಚುಚ್ಚಿದ್ದಾರೆ, ಅದಕ್ಕೆ ಇಲಿಯ ಬಾಲದಂಥ ಒಂದು ಆಂಟೆನಾ. ಆ ಬಾಲ ಗಾಳಿಯಲ್ಲಿ ಏನೋ ಹೇಳುತ್ತದೆ. ಸೋಫಾದ ಹಿಂದಿರುವ ದೊಡ್ಡ ಡಬ್ಬಿ ಅದನ್ನು ಕೇಳಿಸಿಕೊಂಡು ಮನೆಯ ಕರೆಂಟಿನ ತಂತಿಯೊಳಗೆ ಪಿಸುಗುಡುತ್ತದೆ. ತಂತಿಯ ಆ ತುದಿಯಲ್ಲಿರುವ ಚಿಕ್ಕ ಡಬ್ಬಿ ಆ ಪಿಸುಮಾತು ಕೇಳಿ ದೀಪ ಹಚ್ಚುತ್ತದೆ. ಇಷ್ಟನ್ನು ನಮ್ಮನೆಯವರು ನನಗೆ ತಿಳಿಯುವಂತೆ ವಿವರಿಸಿದ್ದರು. ಇದರ ಮುಂದೆಯೂ ಏನೋ ವಿವರಿಸಿದರು, ಪಿಸುಮಾತು ಗೋಡೆ ದಾಟುತ್ತದೆಂದೋ ಏನೋ, ಡಬ್ಬಿಗಳ ಮೇಲಿರುವ ಅಕ್ಷರದ ವಿಷಯ. ಆಗ ನಾನು ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ತೊಗರಿಬೇಳೆಗೆ ನಾಲ್ಕು ಸೀಟಿ ಬೇಕು. ಅಕ್ಷರದ ವಿಷಯ ಎರಡನೆಯ ಮತ್ತು ಮೂರನೆಯ ಸೀಟಿಯ ನಡುವೆ ಎಲ್ಲೋ ಕಳೆದುಹೋಯಿತು. ಬೇಳೆ ಮಾತ್ರ ಚೆನ್ನಾಗಿ ಬೆಂದಿತ್ತು.

ಈ ಡಬ್ಬಿಗಳ ಜೊತೆ ಬಾಳುವುದೆಂದರೆ ಮಡಿವಂತರ ಮನೆಗೆ ಸೊಸೆಯಾಗಿ ಹೋದ ಹಾಗೆ. ಅವಕ್ಕೆ ಈಗಿನ ಎಲ್‌ಇಡಿ ಬಲ್ಬು ಆಗದು. ಆರಿಸಿದರೂ ಬೆಕ್ಕಿನ ಕಣ್ಣಿನಂತೆ ಮಿಣಮಿಣ ಎನ್ನುತ್ತಲೇ ಇರುತ್ತದೆ. ಆದ್ದರಿಂದ ತಂತಿಯ ಹಳದಿ ಬಲ್ಬೇ ಬೇಕು, ಅದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮನೆಯವರು ಯಾವ ಊರಿಗೆ ಹೋದರೂ ಅಲ್ಲಿನ ಹಳೆಯ ಎಲೆಕ್ಟ್ರಿಕ್ ಅಂಗಡಿಯ ಮುದುಕರನ್ನು ಮಾತಾಡಿಸಿ ಎರಡೋ ಮೂರೋ ಬಲ್ಬು ತರುತ್ತಾರೆ, ನನ್ನ ಸೀರೆಗಳ ನಡುವೆ ಸುತ್ತಿಡುತ್ತಾರೆ. ನಾನು ಸೀರೆ ತೆಗೆಯುವಾಗ ಬೇರೆ ಹೆಂಗಸರಂತೆ ಯಾವುದನ್ನು ಉಡಲಿ ಎಂದು ಯೋಚಿಸುವುದಿಲ್ಲ, ಯಾವುದರೊಳಗೆ ಬಲ್ಬಿಲ್ಲ ಎಂದು ಯೋಚಿಸುತ್ತೇನೆ. ಇನ್ನು ಮಿಕ್ಸರ್ ತಿರುಗುತ್ತಿದ್ದರೆ ತಂತಿಯೊಳಗೆ ಗದ್ದಲವಾಗಿ ಪಿಸುಮಾತು ಕೇಳಿಸುವುದಿಲ್ಲ. “ದೀಪ ಹಚ್ಚಲತ್ತೀನಿ, ಮಿಕ್ಸರ್ ಬಂದ್ ಮಾಡು” ಎಂದು ಪಡಸಾಲೆಯಿಂದ ಕೂಗು ಬಂದರೆ, ಚಟ್ನಿ ಅರ್ಧಕ್ಕೆ ನಿಲ್ಲಬೇಕು. ಹೊಸ ಕಂಪ್ಯೂಟರು ಕೊಳ್ಳೋಣವೆಂದರೆ ಹೊಸದಕ್ಕೆ ಈ ಡಬ್ಬಿಗಳ ಭಾಷೆ ಬಾರದು. ಹಳೆಯದೇ ಇರಲಿ, ಅದಕ್ಕೆ ಹಳಬರ ಗುಟ್ಟು ಗೊತ್ತು ಎನ್ನುತ್ತಾರೆ.

ಇದನ್ನೆಲ್ಲ ನಾನು ನಗುನಗುತ್ತಲೇ ಸಹಿಸಿಕೊಂಡಿದ್ದೆ. ಕಳೆದ ದಸರೆಯಲ್ಲಿ ಸಂಭಾಜಿನಗರಕ್ಕೆ ಹೋಗಿ ಬರುವ ತನಕ.

ಅಲ್ಲಿ ನನ್ನ ಮೈದುನ ಶ್ರೀಕಾಂತ, ನೆಗೆಣ್ಣಿ ಮೇಘಾ ಇದ್ದಾರೆ. ಶ್ರೀಕಾಂತ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರು. ಹೊಸ ಫ್ಲ್ಯಾಟು ಕೊಂಡಿದ್ದರು, ನೋಡಲು ಹೋಗಿದ್ದೆವು. ಮೇಘಾ ಸೋಫಾದ ಮೇಲೆ ಕಾಲು ಮಡಚಿ ಕುಳಿತು ಸೀತಾಫಲ ತಿನ್ನುತ್ತಿದ್ದಳು. ಎರಡೂ ಕೈ ಅಂಟಂಟು. ಹೊರಗೆ ಮಬ್ಬುಗತ್ತಲೆ ಕವಿಯಿತು. ಅವಳು ತಲೆಯನ್ನು ಕೂಡ ಎತ್ತದೆ, ಬೀಜವನ್ನು ನಾಜೂಕಾಗಿ ತಟ್ಟೆಗೆ ಉಗಿದು, “ಹಾಲ್ ಕೀ ಲೈಟ್ ಚಾಲೂ ಕರೋ” ಎಂದಳು. ಟೀಪಾಯಿಯ ಮೇಲಿದ್ದ ಒಂದು ದುಂಡು ಡಬ್ಬಿಯೊಳಗಿನ ಹೆಂಗಸು “ಜೀ, ಜರೂರ್” ಎಂದಳು. ಚಾವಣಿಯ ಸುತ್ತ ಎಲ್ಲಿಂದಲೋ ಬೆಳಕು ಹಾಲಿನಂತೆ ಇಳಿಯಿತು. ಆ ‘ಜೀ’ ನನ್ನ ಎದೆಗೆ ನಾಟಿಬಿಟ್ಟಿತು. ಬೆಳಕಿನದೇನು, ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ನನ್ನ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಹೇಳಿದ ಒಂದು ಮಾತಿಗಾದರೂ ಯಾರೂ ‘ಜೀ’ ಎಂದಿಲ್ಲ. ನಮ್ಮನೆಯವರು ‘ಹ್ಞಾಂ, ನೋಡೋಣಂತ’ ಎನ್ನುತ್ತಾರೆ. ಮಗಳು ಪುಣೆಯ ಹಾಸ್ಟೆಲಿನಿಂದ ‘ನಂತರ್ ಬೋಲತೇ ಆಯೀ’, ಆಮೇಲೆ ಮಾತಾಡುತ್ತೇನೆ, ಎಂದು ಫೋನು ಇಡುತ್ತಾಳೆ. ಕೆಲಸದವಳು ಏನೂ ಅನ್ನುವುದಿಲ್ಲ, ನಾನೇ ಅವಳಿಗೆ ಜೀ ಎನ್ನುತ್ತೇನೆ.

ಅಸೂಯೆ ಎಂದರೇನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಆರನೆಯ ತರಗತಿಯ ಮಾರಲ್ ಸೈನ್ಸ್ ಪರೀಕ್ಷೆಯಲ್ಲಿ ಅಸೂಯೆಯ ಕೆಡುಕುಗಳ ಬಗ್ಗೆ ನಾನು ಬರೆದ ಉತ್ತರವನ್ನು ಸಿಸ್ಟರ್ ಇಡೀ ತರಗತಿಗೆ ಓದಿ ಹೇಳಿದ್ದರು. ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ಹತ್ತಕ್ಕೆ ಹತ್ತು ಬಂದ ಹುಡುಗಿಯ ಜೊತೆ ನಾನು ಆ ವರ್ಷವೆಲ್ಲ ಮಾತಾಡಲಿಲ್ಲ. ಆದರೆ ಸಂಭಾಜಿನಗರದಲ್ಲಿ ನನ್ನನ್ನು ಚುಚ್ಚಿದ್ದು ಮೇಘಾಳ ಡಬ್ಬಿಯೊಂದೇ ಅಲ್ಲ. ಊಟಕ್ಕೆ ಕುಳಿತಾಗ ಶ್ರೀಕಾಂತ, “ಅಣ್ಣಾ, ನಿಮ್ಮ ಮ್ಯೂಜಿಯಂ ಇನ್ನಾ ನಡದದೇನು? ತಿಕೀಟು ಇಡ್ರಿ ಇನ್ನ” ಎಂದ. ಎಲ್ಲರೂ ನಕ್ಕರು. ನಮ್ಮನೆಯವರೂ ನಕ್ಕರು. ಆದರೆ ಅವರು ಮನಸ್ಸಿನಿಂದ ನಕ್ಕರೆ ಬಲಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತದೆ, ಅಂದು ಮುಚ್ಚಲಿಲ್ಲ. ನಾಸಿಕ್ ತಲುಪುವವರೆಗೂ ಬಸ್ಸಿನಲ್ಲಿ ಅವರು ಚಸ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಮನೆಯಲ್ಲಿ ನಾನು ಆ ಡಬ್ಬಿಗಳನ್ನು ದಿನಕ್ಕೆ ಹತ್ತು ಸಲ ಆಡಿಕೊಳ್ಳುತ್ತೇನೆ. ಆದರೆ ಬೇರೆಯವರು ಆಡಿಕೊಂಡದ್ದು ನನಗೆ ಸಹಿಸಲಾಗಲಿಲ್ಲ. ಮೇಘಾ ಒಂದು ದಿನ ನಮ್ಮ ಮನೆಗೆ ಬರಬೇಕು, ನಮ್ಮ ದೀಪ ನೋಡಿ ಬಾಯ್ತುಂಬ ಒಂದು ಒಳ್ಳೆಯ ಮಾತು ಆಡಬೇಕು, ಅದನ್ನು ನಮ್ಮನೆಯವರು ಕೇಳಬೇಕು ಎಂದು ಅಂದೇ ಹರಕೆ ಹೊತ್ತಂತೆ ಮನಸ್ಸಿನಲ್ಲಿ ಅಂದುಕೊಂಡೆ. ಅವರು ಕೆಲಸಕ್ಕೆ ಹೋದ ಮೇಲೆ ದಿನವೂ ಕಂಪ್ಯೂಟರಿನ ಮುಂದೆ ಕುಳಿತು ಕಲಿತೆ. ಎಲ್ಲಿ ಒತ್ತಿದರೆ ದೀಪ ಹತ್ತುತ್ತದೆ, ಎಲ್ಲಿ ಒತ್ತಿದರೆ ಅಕ್ಷರ ಬದಲಾಗುತ್ತದೆ, ಎಲ್ಲ.

ಆ ಭಾನುವಾರವೇ ಶ್ರೀಕಾಂತ, ಮೇಘಾ ಬರುವವರಿದ್ದರು. ನಾಸಿಕ್‌ನಲ್ಲಿ ಯಾರದೋ ಸಾಖರಪುಡಾ ಇತ್ತು, ನಿಶ್ಚಿತಾರ್ಥ ಮುಗಿಸಿಕೊಂಡು ಸಂಜೆ ಐದೂವರೆಗೆ ನಮ್ಮಲ್ಲಿ ಚಹಾ ಕುಡಿದು ಊರಿಗೆ ಹೊರಡುವುದು ಎಂದು ಗೊತ್ತಾಗಿತ್ತು. ಚಳಿಗಾಲ, ಆರಕ್ಕೆಲ್ಲ ಕತ್ತಲು. ದೀಪ ತೋರಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಧ್ಯಾಹ್ನ ನಮ್ಮನೆಯವರು ಕ್ಷೌರಕ್ಕೆ ಹೋಗಿದ್ದಾಗ ನಾನು ಡಬ್ಬಿಗಳನ್ನು ಒರೆಸಲು ಕುಳಿತೆ. ಸೋಫಾ ಸರಿಸಿ, ಒದ್ದೆ ಬಟ್ಟೆಯನ್ನು ಕೂದಲಿಗೆ ಹಾಕುವ ಪಿನ್ನಿಗೆ ಸುತ್ತಿ, ಸಂದಿಸಂದಿಯ ಧೂಳು ತೆಗೆದೆ. ಪ್ರತಿ ಡಬ್ಬಿಯ ಮೇಲೂ ಎರಡು ಪುಟ್ಟ ಚಕ್ರಗಳಿವೆ, ಅಂಗಿಯ ಗುಂಡಿಯಷ್ಟು. ಕಪ್ಪು ಚಕ್ರದ ಸುತ್ತ ಅಂಕಿಗಳು: ಪಡಸಾಲೆಯದು ಒಂದು, ದೇವರಮನೆಯದು ಎರಡು. ಕೆಂಪು ಚಕ್ರದ ಸುತ್ತ ಇಂಗ್ಲಿಷ್ ಅಕ್ಷರಗಳು. ಆರು ವರ್ಷದ ಧೂಳು ಹೋದ ಮೇಲೆ ನೋಡುತ್ತೇನೆ, ನಮ್ಮ ಮನೆಯ ಅಷ್ಟೂ ಡಬ್ಬಿಗಳ ಕೆಂಪು ಚಕ್ರ ‘ಸಿ’ ಮೇಲೆ ನಿಂತಿತ್ತು.

ಇದರಲ್ಲೇನು ಎಂದು ನಿಮಗೆ ಅನ್ನಿಸಬಹುದು. ನೀವು ನಮ್ಮ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಇದ್ದವರಲ್ಲ. ಅಲ್ಲಿ ನಮ್ಮ ಗುರುತು ಹೆಸರಲ್ಲ, ಒಂದು ಅಕ್ಷರ ಮತ್ತು ಒಂದು ಅಂಕಿ. ಲಂಗ, ಟವೆಲು, ದಿಂಬಿನ ಚೀಲ ಎಲ್ಲದರ ಮೂಲೆಗೂ ಕೆಂಪು ದಾರದಲ್ಲಿ ಅದನ್ನು ಹೊಲಿಯಬೇಕು, ಇಲ್ಲದಿದ್ದರೆ ಒಗೆಯಲು ಕೊಟ್ಟ ಬಟ್ಟೆ ತಿರುಗಿ ಬರುವುದಿಲ್ಲ. ನನ್ನದು ಸಿ-ಒಂಬತ್ತು. ಅಕ್ಷರ ಡಾರ್ಮಿಟರಿಯದು. ಎ ಡಾರ್ಮಿಟರಿಗೆ ತೋಟದ ಕಡೆ ಕಿಟಕಿ, ಎರಡು ಫ್ಯಾನು, ಗೋಡೆಗೆ ಉದ್ದನೆಯ ಕನ್ನಡಿ. ಸಿ ಡಾರ್ಮಿಟರಿ ಅಡುಗೆಮನೆಯ ಬೆನ್ನಿಗೆ. ನಮ್ಮ ದಿಂಬಿಗೆಲ್ಲ ಒಗ್ಗರಣೆಯ ವಾಸನೆ. ಬಿಸಿನೀರು ಮೊದಲು ಎ ಹುಡುಗಿಯರಿಗೆ, ಆಮೇಲೆ ಬಿ, ತಣ್ಣಗಾದ ಮೇಲೆ ನಮಗೆ. ಎ ಡಾರ್ಮಿಟರಿಯ ಹುಡುಗಿಯರು ಮೈತೊಳೆದು ಬರುವಾಗ ಅವರ ಮೈಯಿಂದ ಹಬೆ ಏಳುತ್ತಿತ್ತು. ನಾವು ಸಾಲಿನಲ್ಲಿ ನಡುಗುತ್ತ ನಿಂತು ಆ ಹಬೆಯನ್ನೇ ನೋಡುತ್ತಿದ್ದೆವು. ಎಂಟು ವರ್ಷ ನಾನು ಎ ಆಗಲಿಲ್ಲ. ಈಗ ನನ್ನ ಸ್ವಂತ ಮನೆಯಲ್ಲಿ, ನಾನೇ ಯಜಮಾನಿಯಾಗಿರುವ ಮನೆಯಲ್ಲಿ, ಆರು ವರ್ಷದಿಂದ ಧೂಳಿನ ಕೆಳಗೆ ಅದೇ ಸಿ ಕುಳಿತು ನನ್ನನ್ನು ನೋಡುತ್ತಿತ್ತು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ನಮಗೆ ಪಕ್ಕದ ಫ್ಲ್ಯಾಟಿನಲ್ಲಿ ಕಾಶೀಬಾಯಿ ಇದ್ದಾಳೆ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಬೀದರ್ ಕಡೆಯವರು, ಅವಳ ಗಂಡನಿಗೆ ಬಟ್ಟೆ ಅಂಗಡಿ. ಅವಳ ಅತ್ತೆಗೆ ಎಂಬತ್ತು ದಾಟಿದೆ, ಮೊಣಕಾಲು ನೋವು, ಎದ್ದು ಸ್ವಿಚ್ಚಿನ ಹತ್ತಿರ ಹೋಗಲಾಗುವುದಿಲ್ಲ. ಅದಕ್ಕೇ ನಮ್ಮನೆಯವರು ರಟ್ಟಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಡಬ್ಬಿಗಳನ್ನೂ ಒಂದು ರಿಮೋಟನ್ನೂ ಅವರಿಗೆ ಕೊಟ್ಟು, ಅಜ್ಜಿಯ ಮಂಚದ ಪಕ್ಕದ ದೀಪಕ್ಕೂ ಬಚ್ಚಲಿನ ದಾರಿಯ ದೀಪಕ್ಕೂ ಜೋಡಿಸಿಕೊಟ್ಟಿದ್ದರು. ಅಜ್ಜಿ ಆ ರಿಮೋಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಾರೆ. ಯಾರಿಲ್ಲದ ಕಡೆ ದೀಪ ಉರಿಯುವುದನ್ನು ಕಂಡರೆ ಅವರಿಗೆ ಆಗದು. ಗಂಟು ಬಿಚ್ಚಿ ಆರಿಸಿದ ಮೇಲೆಯೇ ಸಮಾಧಾನ. ಹಿಂದಿನ ವಾರ ನಾನು ಹೋಗಿದ್ದಾಗ ಡಬ್ಬಿಯನ್ನು ತೋರಿಸಿ, “ಇದರ ಮ್ಯಾಲ ಏನ್ ಬರದಾರವ್ವ, ನೋಡು” ಎಂದು ಕೇಳಿದ್ದರು. ನಾನು ಬಗ್ಗಿ ನೋಡಿ ಓದಿ ಹೇಳಿದ್ದೆ: ‘ಎ’. ಆಗ ಅದರ ಅರ್ಥ ನನಗೆ ಹೊಳೆದಿರಲಿಲ್ಲ. ಈಗ, ಪಿನ್ನು ಹಿಡಿದು ಸೋಫಾದ ಹಿಂದೆ ಮಂಡಿಯೂರಿ ಕುಳಿತಾಗ ಹೊಳೆಯಿತು. ಪಕ್ಕದ ಮನೆಯವರಿಗೆ ಎ. ಕಟ್ಟಿಕೊಂಡ ಹೆಂಡತಿಗೆ ಸಿ!

ಎರಡು ನಿಮಿಷವೂ ಯೋಚಿಸಲಿಲ್ಲ. ಪಿನ್ನಿನ ಚೂಪಿನಿಂದ ಒಂದೊಂದೇ ಕೆಂಪು ಚಕ್ರವನ್ನು ತಿರುಗಿಸಿದೆ. ಗಟ್ಟಿಯಾಗಿ ಕೂತಿದ್ದವು, ಕಟಕ್ ಕಟಕ್ ಎಂದು ಬಂದವು. ಸಿ ಇಂದ ಬಿ, ಬಿ ಇಂದ ಎ. ಕಂಪ್ಯೂಟರಿನಲ್ಲೂ ಒಳಗೆ ಹೋಗಿ ಅಕ್ಷರವನ್ನು ಎ ಮಾಡಿದೆ. ಆ ಅಕ್ಷರ ಹೊರಗೆ ಪರದೆಯ ಮೇಲೆ ಕಾಣುವುದಿಲ್ಲವಾದ್ದರಿಂದ ನಮ್ಮನೆಯವರಿಗೆ ಹೇಳುವ ಅಗತ್ಯವೂ ಕಾಣಲಿಲ್ಲ. ‘ಪಡಸಾಲೆ’ ಒತ್ತಿದೆ, ಹತ್ತಿತು. ‘ದೇವರಮನೆ’ ಒತ್ತಿದೆ, ಹತ್ತಿತು. ಆರಿಸಿದೆ, ಆರಿತು. ಎದ್ದು ನಿಂತಾಗ ಮೈಯಿಂದ ಹಬೆ ಏಳುತ್ತಿರುವಂತೆ ಅನ್ನಿಸಿತು. ಆ ಖುಷಿಯಲ್ಲೇ ಚುರುಮುರಿ ನೆನೆಸಿ ಸುಸಲಾ ಮಾಡಿದೆ, ಪುಠಾಣಿ ಹಿಟ್ಟು ಉದುರಿಸಿ, ಒಂದು ಡಬ್ಬಿ ತುಂಬ ಕಾಶೀಬಾಯಿಯ ಮನೆಗೂ ಕೊಟ್ಟು ಬಂದೆ. ಗೆದ್ದವರು ಉದಾರಿಗಳಾಗಿರಬೇಕು.

ಸಂಭಾಜಿನಗರದವರು ಬಂದಾಗ ಐದೂಮುಕ್ಕಾಲು. ಮೇಘಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಬಂದವಳೇ ನನ್ನ ಕಾಲಿಗೆ ಬಗ್ಗಿದಳು, ಎಲೆಕೋಸಿನ ಬಣ್ಣದ ಸೀರೆಯ ಮಡಿಕೆ ಒಂದೂ ಕೆಡಲಿಲ್ಲ. ಸುಸಲಾ ತಿಂದು, ಚಹಾ ಕುಡಿದಾದ ಮೇಲೆ ಅಣ್ಣತಮ್ಮ ಇಬ್ಬರೂ ಊರಿಗೆ ಒಯ್ಯಲು ಚಿವಡಾ ತರುತ್ತೇವೆಂದು ಕೆಳಗಿಳಿದು ಹೋದರು. ಹೋಗುವಾಗ ನಮ್ಮನೆಯವರು, “ದೀಪ ನಾ ಬಂದ ಮ್ಯಾಲ ತೋರಸ್ತೀನಿ” ಎಂದು ಕಣ್ಣಲ್ಲೇ ಹೇಳಿದರು. ನಾನು ಕಣ್ಣಲ್ಲೇ ಹ್ಞೂಂ ಎಂದೆ. ಆದರೆ ಕತ್ತಲೆ ಅವರಿಗಾಗಿ ಕಾಯುತ್ತದೆಯೇ? ಪಡಸಾಲೆಯಲ್ಲಿ ಮೇಘಾಳ ಬಳೆಗಳು ಮಾತ್ರ ಹೊಳೆಯುವಷ್ಟು ಮಬ್ಬಾಯಿತು. ನಾನು ಕಂಪ್ಯೂಟರಿನ ಕುರ್ಚಿಯಲ್ಲಿ ಪಕ್ಕಕ್ಕೆ ವಾಲಿ, ಕಾಲಮೇಲೆ ಕಾಲು ಹಾಕಿ, ತಲೆ ಎತ್ತದೆ ಅಂದೆ:

“ಮೇಘಾ, ಆ ಮೂಲಿಗಿ ಒಂದಿಷ್ಟು ನೋಡು.”

ಒತ್ತಿದೆ. ಎರಡು ಉಸಿರು. ದೀಪ ಹತ್ತಿತು.

“ಅಯ್ಯ ಅಕ್ಕಾ! ಕುಂತಲ್ಲಿಂದನೇ ಹಚ್ಚಿದ್ರೇನ್ರಿ? ವೈರ್ ಇಲ್ಲೇನ್ರಿ ಅದಕ್ಕ?”

“ಇಲ್ಲ. ಗಾಳ್ಯಾಗ ಹೋಗ್ತದ,” ಎಂದೆ, ಗಾಳಿ ನಮ್ಮದೇ ಎನ್ನುವ ಧಾಟಿಯಲ್ಲಿ.

“ನೆಟ್ ಬ್ಯಾಡೇನ್ರಿ?”

“ನೆಟ್ಟೂ ಬ್ಯಾಡ, ಏನೂ ಬ್ಯಾಡ.”

“ಖರೇನೇ ಛಂದ ಅದರಿ. ನಮ್ಮಲ್ಲಿ ಬೆಳ್ಳಗ ದವಾಖಾನಿ ಆದಂಗ ಆಗ್ತದ. ಈ ಹಳದಿ ಬೆಳಕಿನ್ಯಾಗ ನಿಮ್ಮ ಮಾರಿ ಎಷ್ಟ್ ಲಕ್ಷಣ ಕಾಣ್ಲತ್ತದಂದ್ರ—”

ದೀಪ ಆರಿತು.

ಕತ್ತಲೆಯಲ್ಲಿ ನನ್ನ ಲಕ್ಷಣವಾದ ಮುಖದ ಮೇಲೆ ಯಾವ ಭಾವವಿತ್ತೋ, ಪುಣ್ಯಕ್ಕೆ ಅವಳಿಗೆ ಕಾಣಲಿಲ್ಲ. ಕೈ ತಾಗಿರಬೇಕೆಂದು ಮತ್ತೆ ಒತ್ತಿದೆ. ಹತ್ತಿತು. ಮೇಘಾ ಮಾತು ಮುಂದುವರಿಸಲು ಬಾಯಿ ತೆರೆದಳು, ಆರಿತು. ದೇವರಮನೆಯದನ್ನು ಒತ್ತಿದೆ. ಅಲ್ಲಿ ಬೆಳಕಾಯಿತು, ಬಸವಣ್ಣನ ಫೋಟೋ ಒಮ್ಮೆ ಕಂಡಿತು, ಮಾಯವಾಯಿತು. ಪಡಸಾಲೆ ಮತ್ತೆ ಹಚ್ಚಿದೆ. ಈ ಸಲ ಒಂದು ನಿಮಿಷ ಉಳಿಯಿತು. ನಾನು ಉಸಿರುಬಿಟ್ಟೆ, ಬಿಟ್ಟ ಉಸಿರಿಗೇ ಆರಿದಂತೆ ಆರಿತು. ನಾನು ನಿಧಾನವಾಗಿ ಹಚ್ಚಿದರೆ ಅದು ನಿಧಾನವಾಗಿ ಆರುತ್ತಿತ್ತು, ಬೇಗ ಬೇಗ ಹಚ್ಚಿದರೆ ಬೇಗ ಬೇಗ ಆರುತ್ತಿತ್ತು. ಒಮ್ಮೆಯಂತೂ ನಾನು ಸಿಟ್ಟಿನಿಂದ ಒತ್ತಿದ್ದಕ್ಕೆ ಅದೂ ಸಿಟ್ಟಿನಿಂದ ಆರಿದಂತೆ ಕಂಡಿತು. ನನ್ನ ಬೆನ್ನ ಹಿಂದೆ ಯಾರೋ ನಿಂತು, ನನ್ನಷ್ಟೇ ಹಟವಿರುವ ಯಾರೋ, ನಾನು ಮಾಡಿದ್ದನ್ನೆಲ್ಲ ಅಳಿಸುತ್ತಿದ್ದ ಹಾಗಿತ್ತು.

“ಅಕ್ಕಾ,” ಮೇಘಾ ಬಹಳ ಮೆದುವಾಗಿ ಅಂದಳು, “ನಮ್ದು ಹೇಳಿದ್ದಷ್ಟ ಕೇಳ್ತದ್ರಿ. ನಿಮ್ದು ತನ್ನ ಬುದ್ಧಿನೂ ಓಡಸ್ತದ.”

ಅದು ಚುಚ್ಚುಮಾತೋ ಮೆಚ್ಚುಗೆಯೋ ಎಂದು ನಾನು ತೂಗುತ್ತಿರುವಾಗಲೇ ಅಣ್ಣತಮ್ಮ ಚಿವಡಾ ಹಿಡಿದು ಬಾಗಿಲಿಗೆ ಬಂದರು. ಪಡಸಾಲೆ ಮದುವೆಮನೆಯ ಸೀರಿಯಲ್ ಸೆಟ್ಟಿನಂತೆ ಹತ್ತಿ ಆರುತ್ತಿತ್ತು. ನಮ್ಮನೆಯವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು.

“ಮಿಕ್ಸರ್ ಚಾಲೂ ಅದೇನು?”

“ಇಲ್ಲರಿ.”

“ಫ್ರಿಜ್ ಇರಬೇಕು.” ಫ್ರಿಜ್ಜಿನ ಪ್ಲಗ್ ಕಿತ್ತರು. ಟಿವಿಯದು ಕಿತ್ತರು. ಮೇಘಾ ಚಾರ್ಜಿಗೆ ಹಾಕಿದ್ದ ಫೋನನ್ನೂ ಕಿತ್ತು ಅವಳ ಕೈಗೆ ಕೊಟ್ಟರು. ಮನೆ ಬಾಗಿಲು ಹಾಕಿದ ಅಂಗಡಿಯಂತಾಯಿತು. ಅವರು ಕುರ್ಚಿಯಲ್ಲಿ ಕುಳಿತು ಒತ್ತಿದರು. ಹತ್ತಿತು. ಎಲ್ಲರೂ ಅದನ್ನೇ ನೋಡುತ್ತ ನಿಂತೆವು. ಆರಿತು. ಆಗಲೇ ನಾನು ಬಾಯಿಬಿಟ್ಟು ಅಕ್ಷರದ ವಿಷಯ ಹೇಳಬೇಕಾಗಿತ್ತು. ಕುಕ್ಕರಿನ ಸೀಟಿಗಳ ನಡುವೆ ಕಳೆದುಹೋದ ಮಾತಿಗೂ ಇದಕ್ಕೂ ಏನೋ ನಂಟಿರಬೇಕೆಂದು ನನಗೆ ಅನ್ನಿಸುತ್ತಿತ್ತು. ಆದರೆ ಮೇಘಾಳ ಎದುರಿಗೆ, ಬೋರ್ಡಿಂಗಿನ ಬಿಸಿನೀರಿನ ಕಥೆಯನ್ನು ಎಲ್ಲಿಂದ ಶುರುಮಾಡುವುದು?

“ಅಣ್ಣಾ, ಬಿಡ್ರಿ ಇನ್ನ,” ಶ್ರೀಕಾಂತ ಅವರ ಹೆಗಲ ಮೇಲೆ ಕೈಯಿಟ್ಟ. “ಭಂಗಾರದವನಿಗಿ ಕೊಟ್ಟು ಆರಾಮ ಇರ್ರಿ. ನಾ ಒಂದ್ ಹೊಸಾದ್ ಕಳಸಿಕೊಡ್ತೀನಿ. ವೈನಿಗೂ ತ್ರಾಸ ತಪ್ಪತದ.”

ಗುಜರಿಯ ಮಾತನ್ನೂ ಅತ್ತಿಗೆಯ ತ್ರಾಸದ ಮಾತನ್ನೂ ಅವನು ಪ್ರೀತಿಯಿಂದಲೇ ಹೇಳಿದ. ನಮ್ಮನೆಯವರು ನಕ್ಕರು. ಬಲಗಣ್ಣು ತೆರೆದೇ ಇತ್ತು. ಎದ್ದುಹೋಗಿ ಮೂಲೆಯ ಸಾಕೆಟ್ಟಿನಿಂದ ಡಬ್ಬಿಯನ್ನು ಕಿತ್ತರು, ದೀಪದ ವೈರನ್ನು ನೇರ ಗೋಡೆಗೆ ಸಿಕ್ಕಿಸಿದರು. ಸ್ವಿಚ್ಚಿನ ಮೇಲಿದ್ದ ಸೆಲ್ಲೋಟೇಪನ್ನು ಉಗುರಿನಿಂದ ಎಬ್ಬಿಸಿ ಎಳೆದು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡರು. ದೀಪ ಹತ್ತಿತು, ಸುಮ್ಮನೆ ಉರಿಯಿತು. ಆರು ವರ್ಷದಿಂದ ನಾನು ಬೇಡಿಕೊಂಡದ್ದು ಇಷ್ಟೇ. ಆದರೆ ಆ ಬೆಳಕಿನಲ್ಲಿ ಅವರ ಹೊಸ ಕ್ಷೌರದ ಬೋಳು ಕತ್ತು ನೋಡಿ ನನಗೆ ಯಾಕೋ ಅಳು ಬಂದಂತಾಯಿತು. ಏಳಕ್ಕೆಲ್ಲ ಶ್ರೀಕಾಂತ, ಮೇಘಾ ಹೊರಟರು. ಬಾಗಿಲಲ್ಲಿ ಮೇಘಾ ನನ್ನ ಕೈ ಹಿಡಿದು, “ಅಕ್ಕಾ, ಸುಸಲಾ ಭಾಳ ಛಲೋ ಆಗಿತ್ರಿ” ಎಂದಳು. ಬಾಯ್ತುಂಬ ಒಂದು ಒಳ್ಳೆಯ ಮಾತು ಬೇಕೆಂದು ಹರಕೆ ಹೊತ್ತಿದ್ದೆನಲ್ಲ, ಬಂತು. ಯಾವುದರ ಬಗ್ಗೆ ಎಂದು ನಾನು ಸರಿಯಾಗಿ ಹೇಳಿರಲಿಲ್ಲ.

ನಾನು ಲೋಟ ತೊಳೆದು ಬರುವಷ್ಟರಲ್ಲಿ ನಮ್ಮನೆಯವರು ಆ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಪಡಸಾಲೆಯ ನಡುವೆ ಇಟ್ಟುಕೊಂಡು ನೆಲದ ಮೇಲೆ ಕುಳಿತಿದ್ದರು. ಒಂದೊಂದೇ ಡಬ್ಬಿಗೆ ಹಳೆಯ ಪೇಪರು ಸುತ್ತುತ್ತಿದ್ದರು. ಭಂಗಾರಕ್ಕೆ ಹಾಕುವ ಸಾಮಾನಿಗೆ ಯಾರಾದರೂ ಪೇಪರು ಸುತ್ತುತ್ತಾರೆಯೇ?

“ನಾಳಿ ಭಂಗಾರದವ ಬಂದ್ರ ಕೊಟ್ಟಬಿಡು,” ಎಂದರು. “ನಿನಗೂ ಸಾಕಾಗ್ಯಾದ.”

“ನಾ ಎಲ್ಲಿ ಹಂಗ ಅಂದೀನ್ರಿ?”

ಅವರು ಕೈಯಲ್ಲಿದ್ದ ಡಬ್ಬಿಯನ್ನು ದೀಪದ ಕಡೆಗೆ ಹಿಡಿದು ಕಣ್ಣು ಕಿರಿದು ಮಾಡಿದರು. “ಈ ಚಕ್ರ ಏನೋ ಬ್ಯಾರೆ ಕಾಣ್ಲತ್ತದಲ್ಲ. ನನ್ನ ಚಸ್ಮಾ ಎಲ್ಲದ ನೋಡು.”

ಚಸ್ಮಾ ಫ್ರಿಜ್ಜಿನ ಮೇಲಿತ್ತು. ಪ್ಲಗ್ ಕೀಳುವಾಗ ಅವರೇ ಇಟ್ಟದ್ದನ್ನು ನಾನು ನೋಡಿದ್ದೆ. “ತಡೀರಿ, ಹುಡುಕ್ತೀನಿ” ಎಂದು ಹೋಗಿ, ಅದು ಇರದ ಜಾಗಗಳಲ್ಲೆಲ್ಲ ಬಹಳ ಶ್ರದ್ಧೆಯಿಂದ ಹುಡುಕಿದೆ. ಅಕ್ಕಿಯ ಡಬ್ಬಿಯ ಹಿಂದೆಯೂ ನೋಡಿದೆ. ಹೇಳಿಬಿಡಬೇಕೆಂದು ನಿಶ್ಚಯಿಸಿ, ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದೆ. ಅಷ್ಟರಲ್ಲಿ ತೆರೆದ ಬಾಗಿಲಲ್ಲಿ ಕಾಶೀಬಾಯಿ ನಿಂತಿದ್ದಳು, ನಾನು ಮಧ್ಯಾಹ್ನ ಸುಸಲಾ ಕಳಿಸಿದ್ದ ಸ್ಟೀಲ್ ಡಬ್ಬಿ ಹಿಡಿದುಕೊಂಡು.

“ಬಂದ ಮಂದಿ ಹೋದ್ರೇನ್ರಿ ವೈನಿ? ತಗೋರಿ ನಿಮ್ಮ ಡಬ್ಬಿ. ನಾವೆಲ್ಲ ತಿಂದ್ವಿ. ನಮ್ಮತ್ತಿಯವರಿಗಿ ಮಾತ್ರ ತಿನ್ಲಾಕ ಪುರಸತ್ತೇ ಆಗಿಲ್ಲ ನೋಡ್ರಿ ಇವತ್ತ.” ಆಮೇಲೆ ನೆಲದ ಮೇಲಿದ್ದ ನಮ್ಮನೆಯವರನ್ನು ಕಂಡು ಸೆರಗು ಸರಿಮಾಡಿಕೊಂಡಳು. “ಅಣ್ಣೋರ, ನೀವು ಹಚ್ಚಿಕೊಟ್ಟ ದೀಪದಾಗ ಏನೋ ಹೊಕ್ಕದ್ರಿ. ಮಧ್ಯಾಹ್ನ ಅವರು ಮಲಗಿದಾಗ ಒಮ್ಮೆ ತಾನೇ ಹತ್ತಿತ್ತು, ನಾ ಲಕ್ಷ್ಯ ಕೊಡಲಿಲ್ಲ. ಸಂಜಿ ಆರರ ಸುಮಾರಿಗಿ ಮತ್ತ ಸುರು ಆಯ್ತು. ಅತ್ತಿಯವರು ಗಂಟು ಬಿಚ್ಚಿ ಬಂದ್ ಮಾಡ್ತಾರ, ಅದು ಹತ್ತತದ. ಬಂದ್ ಮಾಡ್ತಾರ, ಹತ್ತತದ. ‘ಯಾವಾಕಿ ಹಚ್ಚಾಕಿ ಇಕಿ, ನಾನೂ ನೋಡೇಬಿಡ್ತೀನಿ’ ಅಂತ ರಿಮೋಟ್ ಹಿಡಕೊಂಡು ಗಟ್ಟಿ ಕುಂತುಬಿಟ್ರು.”

ಪೇಪರು ಸುತ್ತುತ್ತಿದ್ದ ಕೈ ನಿಂತಿತು. ನಮ್ಮನೆಯವರು ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು, ನಡುವಿನ ಗೋಡೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಚಸ್ಮಾ ಇಲ್ಲದೆಯೂ ನಾನು ಅವರಿಗೆ ಬಹಳ ಸ್ಪಷ್ಟವಾಗಿ ಕಂಡಿರಬೇಕು. ಸುತ್ತಿದ್ದ ಪೇಪರನ್ನು ಮೆಲ್ಲಗೆ ಬಿಚ್ಚತೊಡಗಿದರು. ಅವರ ಬಲಗಣ್ಣು ಮುಚ್ಚಿಕೊಳ್ಳುತ್ತಾ ಬಂತು.

“ಹಂಗೇನ್ರಿ,” ಎಂದರು, ನನ್ನ ಮೇಲಿಂದ ಕಣ್ಣು ತೆಗೆಯದೆ. “ಕಡಿಗಿ ಏನಾಯ್ತು ಮತ್ತ?”

ಕಾಶೀಬಾಯಿ ಡಬ್ಬಿಯನ್ನು ನನ್ನ ಕೈಗಿತ್ತು, ಆಗಲೇ ತನ್ನ ಬಾಗಿಲ ಕಡೆ ತಿರುಗಿದ್ದಳು.

“ಏನಾಗ್ತದ್ರಿ, ಆಚಿಕಡಿನಾಕಿ ಸೋತು ಸುಮ್ಮನಾದಳು. ನಮ್ಮತ್ತಿನೇ ಗೆದ್ರು.”